ಬೀಗರ ಜಾಮೀನು

ದೀಪಾವಳಿ ಮುಗಿದು ಥಂಡಿ ಬೀಳತೊಡಗಿತೆಂದರೆ ಹುಬ್ಬಳ್ಳಿಯಲ್ಲಿ ಟಿಬೇಟಿಯನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ನಮ್ಮ ಅಮರಗೋಳದಿಂದ ಹೆಣ್ಣುಮಕ್ಕಳು ನಾಲ್ಕೈದು ಜನ ಕೂಡಿ ಹೋಗಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಸ್ವೆಟರ್ ತರುವುದು ಬಹಳ ವರ್ಷಗಳ ರೂಢಿ. ಚೌಕಾಸಿ ಮಾಡುತ್ತೇವೆ, ಅವರು ನಗುತ್ತ ಹತ್ತಿಪ್ಪತ್ತು ರೂಪಾಯಿ ಬಿಡುತ್ತಾರೆ. ನಿಮ್ಮೂರು ಯಾವುದೆಂದು ಕೇಳಿದರೆ ಮುಂಡಗೋಡ ಎನ್ನುತ್ತಾರೆ, ಅದೂ ನಮ್ಮದೇ ಕನ್ನಡದಲ್ಲಿ. ಅದಕ್ಕೂ ಹಿಂದಿನ ಊರು ಯಾವುದೆಂದು ಕೇಳುವ ಗೋಜಿಗೆ ನಾವು ಹೋಗುವುದಿಲ್ಲ. ಗಿರಾಕಿಗಳು ಕಾಯುತ್ತಿರುತ್ತಾರೆ, ನಮಗೂ ಮನೆಗೆ ಹೊತ್ತಾಗಿರುತ್ತದೆ.

ಮುಂಡಗೋಡ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ಹಾದಿ. 1966ರಲ್ಲಿ ಅಲ್ಲಿ ಸುಮಾರು 4,000 ಎಕರೆ ಜಾಗದಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಶುರುವಾಯಿತು. ಆಗ ನಮ್ಮದಿನ್ನೂ ಮೈಸೂರು ರಾಜ್ಯ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ. ಅದಕ್ಕೂ ಮೊದಲೇ ಬೈಲಕುಪ್ಪೆಯಲ್ಲಿ ಒಂದು ವಸತಿ ಆಗಿತ್ತು. ಹಿಮದ ನಾಡಿನಿಂದ ಬಂದವರು ಮಲೆನಾಡಿನ ಸೆರಗಿನಲ್ಲಿ ಕಾಡು ಕಡಿದು, ಗೋವಿನಜೋಳ, ಭತ್ತ ಬೆಳೆಯುವುದನ್ನು ಕಲಿತರು. ಬಂಗಾಳದ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಆ ಜೈಲಿನಲ್ಲಿ, ಹತ್ತು ವರ್ಷ ಕಳೆದ ಸನ್ಯಾಸಿಗಳೂ ಇಲ್ಲಿಗೆ ಬಂದರು. ಗಾಂದೆನ್, ಡ್ರೆಪುಂಗ್ ಎಂಬ ಲಾಸಾ ಸೀಮೆಯ ದೊಡ್ಡ ಮಠಗಳು ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿದವು. ಇದೆಲ್ಲ ನಮ್ಮ ದೇಶ, ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸ. ಇದನ್ನು ಹೇಳಿಕೊಳ್ಳಲು ಸಂಕೋಚವೇನೂ ಬೇಡ.

ಆದರೆ ಈ ಕಥೆಗೆ ಇನ್ನೊಂದು ಹಿಂದಿನ ಅಧ್ಯಾಯವಿದೆ. ದಲಾಯಿ ಲಾಮಾ 1959ರಲ್ಲಿ ಓಡಿಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಎರಡೂವರೆ ವರ್ಷ ಮೊದಲೇ ಅವರು ಇಲ್ಲಿಗೆ ಬಂದು, ಇಲ್ಲಿಯೇ ಉಳಿಯುವ ಮಾತಾಡಿ, ಬುದ್ಧಿ ಹೇಳಿಸಿಕೊಂಡು ವಾಪಸು ಹೋಗಿದ್ದರು. ಇದನ್ನು ನೆನಪಿಟ್ಟವರು ಕಡಿಮೆ.

1956ರ ನವೆಂಬರಿನಲ್ಲಿ ಬುದ್ಧನ 2,500ನೆಯ ಜಯಂತಿಗೆಂದು ಅವರು ದಿಲ್ಲಿಗೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ, ನಮ್ಮ ಮನೆಯಲ್ಲಿ ಡಿಗ್ರಿ ಓದುವ ಹುಡುಗರ ವಯಸ್ಸು. ಟಿಬೆಟಿನ ಪೂರ್ವ ಭಾಗದಲ್ಲಿ ಅಷ್ಟರಲ್ಲಾಗಲೇ ಮಠಗಳ ಮೇಲೆ ಬಾಂಬು ಬಿದ್ದಿದ್ದವು. ಅಣ್ಣಂದಿರು ಹೋಗಬೇಡ, ಇಲ್ಲಿಯೇ ಇರು ಎಂದರು. ಅವರು ನೆಹರೂ ಅವರ ಮುಂದೆ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡರು. ನೆಹರೂ ಕೆಟ್ಟವರೇನಲ್ಲ. ಆದರೆ ಚೀನದೊಂದಿಗೆ 1954ರಲ್ಲಷ್ಟೇ ಪಂಚಶೀಲದ ಒಪ್ಪಂದ ಆಗಿತ್ತು, ಸಂಬಂಧ ಕೆಡಿಸಿಕೊಳ್ಳುವ ಮನಸ್ಸು ಇರಲಿಲ್ಲ. ಹಿಂದಿರುಗಿ ಹೋಗಿ ಅಲ್ಲಿದ್ದುಕೊಂಡೇ ನಿಮ್ಮ ಜನರ ಸಲುವಾಗಿ ಕೆಲಸ ಮಾಡಿರಿ ಎಂದು ತಿಳಿಹೇಳಿದರು. ಅದೇ ಚಳಿಗಾಲದಲ್ಲಿ ಚೀನದ ಪ್ರಧಾನಿ ಚೌ ಎನ್-ಲಾಯ್ ಕೂಡ ದಿಲ್ಲಿಗೆ ಬಂದಿದ್ದರು. ಅವರೂ ಈ ಹುಡುಗನನ್ನು ಕಂಡು ಮಾತಾಡಿ, ಸುಧಾರಣೆಗಳನ್ನು ಬಲವಂತದಿಂದ ಹೇರುವುದಿಲ್ಲವೆಂದು ಭರವಸೆ ಕೊಟ್ಟರು. ಯಾರ ಭಯಕ್ಕೆ ಈತ ಹಿಂದೆಮುಂದೆ ನೋಡುತ್ತಿದ್ದನೋ ಅವರದೇ ಜಾಮೀನು. 1957ರ ಫೆಬ್ರುವರಿಯಲ್ಲಿ ಅವರು ಹಿಮದ ಹಾದಿ ಹತ್ತಿ ಲಾಸಾಕ್ಕೆ ಹೊರಟರು.

ಇಂಥ ಜಾಮೀನಿನ ಮಾತು ನಮ್ಮ ಮನೆಯಲ್ಲೂ ಒಮ್ಮೆ ನಡೆದಿತ್ತು. ನಿಮ್ಮ ಮನೆಗಳಲ್ಲೂ ನಡೆದಿರಬಹುದು.

ನನ್ನ ಸೋದರತ್ತೆ ಒಬ್ಬಾಕೆ ಗಂಡನ ಮನೆಯಿಂದ ಹೇಳದೆ ಕೇಳದೆ ಎದ್ದು ಬಂದಿದ್ದಳು. ಸಂಜೆಯ ಪ್ಯಾಸೆಂಜರ್ ರೈಲಿನಿಂದ ಇಳಿದು ಬಂದಾಗ ಕೈಯಲ್ಲಿ ಚೀಲ ಕೂಡ ಇರಲಿಲ್ಲವಂತೆ. ಎಂಟು ದಿನಕ್ಕೆ ಬೀಗರು ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಹಿರಿಯರು ಕೂತರು. ಆಕೆಯ ಮಾವ "ಇನ್ನ ಹಂಗ ಆಗೂದಿಲ್ರೀ, ನಾ ಅದೀನಲ್ಲ" ಎಂದರು. ನಮ್ಮ ಅಜ್ಜ ಮಗಳನ್ನು ಕರೆದು, "ಸಂಸಾರ ಅಂದ್ರ ಒಂದ್ ಮಾತು ಬರತದ, ಹೋಗತದ. ಹೊಂದಿಕೊಂಡು ಹೋಗಬೇಕವ್ವಾ" ಎಂದರು. ಅಜ್ಜ ಒಳ್ಳೆಯ ಮನುಷ್ಯರೇ. ಇನ್ನೂ ಮದುವೆಯಾಗಬೇಕಾದ ಹೆಣ್ಣುಮಕ್ಕಳಿಬ್ಬರು ಮನೆಯಲ್ಲಿದ್ದರು, ಊರಿನ ಮಾತಿಗೆ ಹೆದರಿದ್ದರು. ಅತ್ತೆ ಏನೆಂದಳು ಎಂಬುದನ್ನು ಮನೆಯ ಯಾರೂ ನನಗೆ ಹೇಳಿಲ್ಲ. ಬಹುಶಃ ಕೇಳಿರಲಿಕ್ಕಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಒಂದು ಇಳಕಲ್ ಖಣ ಹಾಕಿ ಉಡಿ ತುಂಬಿ ಕಳಿಸಿಕೊಟ್ಟರು. ಎಷ್ಟು ಮರ್ಯಾದೆಯ ಕಳಿಸುವಿಕೆ ನೋಡಿ. ಅದನ್ನು ಬಲವಂತವೆಂದು ಯಾರು ಕರೆದಾರು?

ಎರಡು ವರ್ಷಕ್ಕೆ ಆಕೆ ಮತ್ತೆ ಬಂದಳು. ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಬೀಗರೂ ಮತ್ತೆ ಬಂದರು, ಜಮಖಾನೆಯನ್ನೂ ಹಾಸಿದರು. ಆವತ್ತು ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದು, ಗಂಡಸರು ಕೂತ ಪಡಸಾಲೆಯಲ್ಲಿ ನಿಂತು, "ಆಕಿ ಬರೂದಿಲ್ಲ. ಚಾ ಕುಡಿದು ನೀವು ಹೋಗ್ರಿ" ಎಂದಳಂತೆ. ಅತ್ತೆ ಮತ್ತೆ ಹೋಗಲಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಕಾಳು ಹಸನು ಮಾಡುತ್ತ, ಮನೆಯಲ್ಲಿ ರೊಟ್ಟಿ ಬಡಿದು ಮಾರುತ್ತ ಎಪ್ಪತ್ತು ದಾಟುವವರೆಗೆ ಅಮರಗೋಳದಲ್ಲೇ ಬಾಳಿದಳು. ಆಕೆಯ ಎಡಗೈ ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಆದರೂ ರೊಟ್ಟಿ ಚಂದ್ರನ ಹಾಗೆ ದುಂಡಗಿರುತ್ತಿತ್ತು.

ಲಾಸಾದಲ್ಲಿಯೂ ಎರಡೇ ವರ್ಷ. 1959ರ ಮಾರ್ಚ್ 10ರಂದು, ದಲಾಯಿ ಲಾಮಾರನ್ನು ಚೀನದ ಸೈನ್ಯ ಎತ್ತಿಕೊಂಡು ಹೋಗಬಹುದೆಂದು ಹೆದರಿ ಜನ ಅವರ ಬೇಸಿಗೆಯ ಅರಮನೆಯನ್ನು ಸುತ್ತುವರಿದು ಕಾವಲು ನಿಂತರು. ಮಾರ್ಚ್ 12ರಂದು ಬೀದಿಗೆ ಬಂದವರು ಹೆಂಗಸರು, ಸಾವಿರಾರು ಜನ. ಟಿಬೆಟಿನ ಮಹಿಳೆಯರು ಇಂದಿಗೂ ಆ ದಿನವನ್ನು ತಮ್ಮ ದಿನವೆಂದು ಆಚರಿಸುತ್ತಾರೆ. 17ರ ರಾತ್ರಿ ದಲಾಯಿ ಲಾಮಾ ಸಿಪಾಯಿಯ ವೇಷದಲ್ಲಿ ಹೊರಬಿದ್ದು, 31ಕ್ಕೆ ತವಾಂಗ್ ಕಡೆಯಿಂದ ಭಾರತದ ಗಡಿ ದಾಟಿದರು. ಏಪ್ರಿಲ್ 3ರಂದು ನೆಹರೂ ಪಾರ್ಲಿಮೆಂಟಿನಲ್ಲಿ ಆಶ್ರಯ ಕೊಟ್ಟಿರುವುದನ್ನು ತಿಳಿಸಿದರು. ಈ ಸಲ ಯಾರ ಭರವಸೆಯನ್ನೂ ಕೇಳಲಿಲ್ಲ. ಅವರ ಹಿಂದೆ ಸುಮಾರು 80,000 ಜನ ಬಂದರು, ಅವರಲ್ಲಿ ಕೆಲವರು ಮುಂದೆ ಮುಂಡಗೋಡಕ್ಕೆ.

ಅಲ್ಲಿಂದ ಮುಂದೆಯೂ ಹಿಮಾಲಯದ ಕಣಿವೆಗಳನ್ನು ದಾಟಿ ಜನ ಬರುತ್ತಲೇ ಇದ್ದರು. ನೇಪಾಳದೊಳಗೆ ಇಳಿದು ಕಾಠ್ಮಂಡುವಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಮುಟ್ಟಿದರೆ, ಅಲ್ಲಿಂದ ಭಾರತಕ್ಕೆ ದಾಟಿಸುವ ಏರ್ಪಾಡಿತ್ತು. ಸನ್ಯಾಸಿಗಳು, ಓದುವ ಮಕ್ಕಳು ಧರ್ಮಶಾಲಾಕ್ಕೆ ಬಂದು, ಹಲವರು ನಮ್ಮ ಕಡೆಗೂ ಬರುತ್ತಿದ್ದರು. 2003ರ ಏಪ್ರಿಲಿನಲ್ಲಿ ಹಾಗೆ ಬಂದ 18 ಜನರನ್ನು ನೇಪಾಳದ ಪೊಲೀಸರು ಹಿಡಿದರು. ಅಪ್ಪಣೆಯಿಲ್ಲದೆ ಗಡಿ ದಾಟಿದ್ದಕ್ಕೆ ದಂಡ, ದಂಡ ಕಟ್ಟಲಾರದ್ದಕ್ಕೆ ಜೈಲು. ಅವರಲ್ಲಿ ಇನ್ನೂ ಮೀಸೆ ಮೂಡದ ಹುಡುಗರಿದ್ದರು. ಕೊನೆಗೆ ದಂಡ ಕಟ್ಟಿ ಬಿಡಿಸಿಕೊಂಡವರು ಯಾರು ಗೊತ್ತೇ? ಚೀನದ ರಾಯಭಾರ ಕಚೇರಿಯವರು. ಮೇ 31ರಂದು ಅವರನ್ನೆಲ್ಲ ಬಸ್ಸಿಗೆ ಹತ್ತಿಸಿ ಗಡಿಯಾಚೆ ಒಪ್ಪಿಸಲಾಯಿತು. ವಿಶ್ವಸಂಸ್ಥೆಯವರು ಅವರನ್ನು ಕಂಡು ಮಾತಾಡಬೇಕೆಂದು ಕೇಳಿಕೊಂಡರೂ ಬಿಡಲಿಲ್ಲ. ಬಹಳ ಗದ್ದಲವಾದ ಮೇಲೆ, ಇನ್ನು ಹೀಗೆ ಮಾಡುವುದಿಲ್ಲವೆಂದು ನೇಪಾಳ ಅದೇ ವರ್ಷ ಮಾತು ಕೊಟ್ಟಿತು.

ಹೀಗೆ ಜೀವಭಯದಿಂದ ಬಂದವರನ್ನು ಅದೇ ಭಯದ ಬಾಯಿಗೆ ದೂಡಬಾರದೆಂಬುದು 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದದ 33ನೆಯ ವಿಧಿ. ಅದರ ಹಿಂದೆಯೂ ನೋವಿನ ಅನುಭವವಿದೆ. 1939ರಲ್ಲಿ ಹಿಟ್ಲರನ ಜರ್ಮನಿಯಿಂದ ಯಹೂದಿಗಳನ್ನು ತುಂಬಿಕೊಂಡು ಹೊರಟ 'ಸೇಂಟ್ ಲೂಯಿಸ್' ಹಡಗನ್ನು ಕ್ಯೂಬಾ ಇಳಿಸಿಕೊಳ್ಳಲಿಲ್ಲ, ಅಮೆರಿಕ ಇಳಿಸಿಕೊಳ್ಳಲಿಲ್ಲ. 900ಕ್ಕೂ ಹೆಚ್ಚು ಜನ ಯೂರೋಪಿಗೆ ಮರಳಿದರು, ಅವರಲ್ಲಿ 254 ಜನ ಮುಂದೆ ನಾಜಿಗಳ ಕೈಯಲ್ಲಿ ಸತ್ತರು. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದ್ದರಿಂದ ನಮ್ಮಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕೆಂಬುದು ಆಯಾ ಕಾಲದ ಸರಕಾರದ ಮನಸ್ಸು. ಟಿಬೆಟಿನವರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು.

ನೆರೆಯ ತಮಿಳುನಾಡಿನ ಸಂಗತಿ ನೋಡಿ. 1991ರಲ್ಲಿ ರಾಜೀವ ಗಾಂಧಿಯವರ ಕೊಲೆಯಾದ ಮೇಲೆ ಅಲ್ಲಿನ ಶಿಬಿರಗಳಲ್ಲಿದ್ದ ಶ್ರೀಲಂಕಾದ ತಮಿಳರ ಮೇಲೆ ಎಲ್ಲರ ಕಣ್ಣು ಕೆಂಪಾಯಿತು. ಕೊಲೆ ಮಾಡಿದವರು ಬೇರೆ, ಶಿಬಿರದಲ್ಲಿ ಗಂಜಿ ಕಾಯಿಸುತ್ತಿದ್ದ ಹೆಂಗಸರು ಬೇರೆ, ಆದರೆ ಸಿಟ್ಟಿಗೆ ಅಷ್ಟು ವಿವೇಕ ಎಲ್ಲಿಯದು? 1992ರ ಜನವರಿಯಿಂದ ಅವರನ್ನು ಹಡಗಿನಲ್ಲಿ, ವಿಮಾನದಲ್ಲಿ ವಾಪಸು ಕಳಿಸತೊಡಗಿದರು. ಎಲ್ಲರೂ ಸ್ವಂತ ಇಚ್ಛೆಯಿಂದ ಹೋಗುತ್ತಿದ್ದಾರೆಂದು ಫಾರ್ಮಿಗೆ ಸಹಿ ತೆಗೆದುಕೊಳ್ಳಲಾಯಿತು. ಫಾರ್ಮು ಇಂಗ್ಲಿಷಿನಲ್ಲಿತ್ತು. ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಅದೇ ವರ್ಷ, ಹೋಗುವವರಿಗೆ ನಿಜವಾಗಿ ಮನಸ್ಸಿದೆಯೇ ಎಂದು ಕೇಳಲು ವಿಶ್ವಸಂಸ್ಥೆಯ ಅಧಿಕಾರಿಗಳಿಗೆ ಅವಕಾಶವಾಯಿತು. ಅತ್ತ ಶ್ರೀಲಂಕಾದಲ್ಲಿ ಯುದ್ಧ ಮುಗಿದಿರಲೇ ಇಲ್ಲ. 1995ರಲ್ಲಿ ಅದು ಮತ್ತೆ ಭುಗಿಲೆದ್ದು, ಜನ ಮತ್ತೆ ದೋಣಿ ಹತ್ತಿ ರಾಮೇಶ್ವರದ ಕಡೆ ಬಂದರು.

ಅಜ್ಜಿ ಪಡಸಾಲೆಗೆ ಬಂದು ಹೇಳಿದಂಥ ಮಾತನ್ನು ಒಂದು ಕೋರ್ಟು ಹೇಳಿದ್ದೂ ಉಂಟು. ಪಾಕಿಸ್ತಾನದ ಇಬ್ಬರು ಹೆಣ್ಣುಮಕ್ಕಳು ಗಂಡಂದಿರಿಂದ ಮನೆ ಬಿಡಿಸಿಕೊಂಡು ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿದ್ದರು. ಮರಳಿ ಕಳಿಸಿದರೆ ವ್ಯಭಿಚಾರದ ಸುಳ್ಳು ಆರೋಪ ಹೊರಿಸಿ ಶಿಕ್ಷೆಗೆ ಗುರಿಮಾಡುತ್ತಾರೆಂಬ ಭಯ. ಇದು ಗಂಡಹೆಂಡಿರ ಜಗಳ, ನಿರಾಶ್ರಿತರ ಕಾನೂನಿಗೆ ಬರುವುದಿಲ್ಲವೆಂದು ಕೆಳಗಿನವರು ಅರ್ಜಿ ತಿರಸ್ಕರಿಸಿದರು. 1999ರ ಮಾರ್ಚಿನಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ ಹಾಕಿತು. ಗಂಡ ಹೊಡೆಯುತ್ತಾನೆ ಎಂಬುದಷ್ಟೇ ಅಲ್ಲ, ಹೊಡೆದಾಗ ಹೆಣ್ಣೆಂಬ ಕಾರಣಕ್ಕೇ ಸರಕಾರ ಕಾಪಾಡಲು ಬರುವುದಿಲ್ಲ ಎಂಬುದನ್ನು ನ್ಯಾಯಾಧೀಶರು ಹಿಡಿದರು. ನನ್ನ ಅತ್ತೆಗೆ ಇದನ್ನು ಓದಿ ಹೇಳಿದ್ದರೆ, "ಇಷ್ಟು ತಿಳ್ಯಾಕ ಅಷ್ಟು ದೊಡ್ಡ ಕೋರ್ಟು ಬೇಕಾತೇನ?" ಎನ್ನುತ್ತಿದ್ದಳೇನೋ.

ನಮ್ಮ ಕಾಲಕ್ಕೆ ಬಂದರೆ, 2018ರ ಅಕ್ಟೋಬರ್ 4ರಂದು ಅಸ್ಸಾಮಿನ ಸಿಲ್ಚಾರ್‌ನಲ್ಲಿದ್ದ ಏಳು ಜನ ರೋಹಿಂಗ್ಯಾ ಗಂಡಸರನ್ನು ಮಣಿಪುರದ ಮೋರೆ ಗಡಿಯಲ್ಲಿ ಮ್ಯಾನ್ಮಾರಿಗೆ ಒಪ್ಪಿಸಲಾಯಿತು. ಅದರ ಹಿಂದಿನ ವರ್ಷವಷ್ಟೇ ಆ ದೇಶದ ಸೈನ್ಯದ ಹಾವಳಿಗೆ ಏಳು ಲಕ್ಷ ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದ್ದರು. ಇವರು ನಮ್ಮವರೇ ಎಂದು ಮ್ಯಾನ್ಮಾರ್ ಒಪ್ಪಿದೆ, ಹೋಗಲು ಇವರೂ ಒಪ್ಪಿದ್ದಾರೆ ಎಂದು ಸರಕಾರ ಹೇಳಿತು. ತಡೆಯಲು ಸುಪ್ರೀಂ ಕೋರ್ಟು ನಿರಾಕರಿಸಿತು. 2021ರಲ್ಲಿ ನಮ್ಮ ಕರ್ನಾಟಕ ಸರಕಾರವೇ, ಬೆಂಗಳೂರಿನಲ್ಲಿ 72 ರೋಹಿಂಗ್ಯಾಗಳಿದ್ದಾರೆ, ತಕ್ಷಣ ಕಳಿಸುವ ಯೋಚನೆಯಿಲ್ಲವೆಂದು ಅದೇ ಕೋರ್ಟಿಗೆ ಬರೆದುಕೊಟ್ಟಿತು. ಕೆಲವೇ ದಿನಗಳಲ್ಲಿ ಆ ಮಾತನ್ನು ತಿದ್ದಿ, ಕೋರ್ಟು ಹೇಳಿದಂತೆ ಕೇಳುತ್ತೇವೆಂದು ಬೇರೆ ಕಾಗದ ಕೊಟ್ಟಿತು. ಅಕ್ರಮವಾಗಿ ಬಂದವರನ್ನೆಲ್ಲ ಇಟ್ಟುಕೊಳ್ಳಲಾಗುತ್ತದೆಯೇ ಎಂದು ನನ್ನ ಗೆಳತಿಯರೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕಳಿಸುವ ಮುನ್ನ ಅವರನ್ನು ಒಬ್ಬೊಬ್ಬರನ್ನಾಗಿ, ಬೀಗರು ಪಕ್ಕದಲ್ಲಿ ಕೂತಿರದ ಹೊತ್ತಿನಲ್ಲಿ, ಅವರ ಭಾಷೆಯಲ್ಲಿ ಮಾತಾಡಿಸಿದ್ದಾರೆಯೇ ಎಂಬುದು ನನ್ನ ಪ್ರಶ್ನೆ.

ಇತ್ತ ಟಿಬೆಟಿನ ಹಾದಿಯಲ್ಲಿ ಈಗ ವಾಪಸು ಕಳಿಸಲು ಜನವೇ ಇಲ್ಲದಂತಾಗಿದೆ. 2006ರ ಸೆಪ್ಟೆಂಬರ್ 30ರಂದು ನಂಗ್ಪಾ ಲಾ ಕಣಿವೆಯಲ್ಲಿ, ಹಿಮದ ಮೇಲೆ ಸಾಲಾಗಿ ನಡೆಯುತ್ತಿದ್ದವರ ಮೇಲೆ ಚೀನದ ಗಡಿ ಕಾವಲಿನವರು ಗುಂಡು ಹಾರಿಸಿದರು. ಕೆಲ್ಸಾಂಗ್ ನಾಮ್ತ್ಸೊ ಎಂಬ ಹದಿನೇಳು ವರ್ಷದ ಸನ್ಯಾಸಿನಿ ಸತ್ತಳು. ಪರ್ವತ ಹತ್ತಲು ಬಂದ ವಿದೇಶೀಯರು ಅದನ್ನು ಕ್ಯಾಮೆರಾದಲ್ಲಿ ಹಿಡಿಯದಿದ್ದರೆ ಸುದ್ದಿಯೂ ಹೊರಬರುತ್ತಿರಲಿಲ್ಲ. 2008ರ ಗಲಭೆಯ ತನಕ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ದಾಟಿ ಬರುತ್ತಿದ್ದರು. ಆಮೇಲೆ ಗಡಿ ಬಿಗಿಯಾಗಿ ಆ ಲೆಕ್ಕ ನೂರಕ್ಕೆ ಇಳಿಯಿತು, 2020ರ ನಂತರ ಬೆರಳೆಣಿಕೆಗೆ ಬಂತು. ಮುಂಡಗೋಡದ ಮಠಗಳಿಗೆ ಈಗ ಹೊಸದಾಗಿ ಸೇರುವ ಹುಡುಗರಲ್ಲಿ ಹೆಚ್ಚಿನವರು ಲಡಾಖ್, ಅರುಣಾಚಲ, ನೇಪಾಳದ ಕಡೆಯವರು.