ಬಿಟ್ಟಿ ಯಾರದು?

ಕಾಶಿಯ ಗೋದೌಲಿಯಾ ಚೌಕದಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಜಂಗಮವಾಡಿ. ಮಠದ ಬಾಗಿಲ ಬಳಿ ಕನ್ನಡ ಕಿವಿಗೆ ಬೀಳುತ್ತದೆ. ವಿಜಯಪುರದ ಕಡೆಯವರು, ಕಲಬುರಗಿಯ ಕಡೆಯವರು ಗಂಗೆಯಲ್ಲಿ ಮಿಂದು ಬಂದು ಚಹಾ ಕುಡಿಯುತ್ತ ನಿಂತಿರುತ್ತಾರೆ. ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಮದನಪುರ, ಅದರಾಚೆ ಬಜರಡೀಹಾ. ಅವು ನೇಕಾರರ ಮೊಹಲ್ಲಾಗಳು. ಅಲ್ಲಿ ಮಾತಿಗಿಂತ ಮೊದಲು ಮಗ್ಗದ ಸದ್ದು ಕೇಳುತ್ತದೆ.

ಒಂದು ಅನುವಾದದ ಕೆಲಸಕ್ಕೆಂದು ಕೆಲವು ವಾರ ಇಲ್ಲಿದ್ದಾಗ, ಈ ಎರಡು ಬೀದಿಗಳ ನಡುವೆ ನನಗೆ ಮೂರು ಪದಗಳು ಸಿಕ್ಕವು. ದುಡಿಯುವವರಿಗೆ ಸರ್ಕಾರ ಕೊಡುವ ನೆರವನ್ನು ಉಳಿಸಬೇಕೋ ಕಡಿಯಬೇಕೋ ಎಂಬ ಇಂದಿನ ಜಗಳಕ್ಕೆ ಈ ಮೂರೂ ಬೇಕು.

ಮೊದಲನೆಯದು ಮಠದ ಕಡೆಯದು. ಜಂಗಮವಾಡಿ ಮಠದಲ್ಲಿ ಮೊಘಲ್ ದೊರೆಗಳ ಫರ್ಮಾನುಗಳಿವೆ. ವಿದ್ವಾಂಸರಿಗೆ, ಸಾಧುಸಂತರಿಗೆ, ಆಸರೆಯಿಲ್ಲದ ಕುಟುಂಬಗಳಿಗೆ ಆ ಕಾಲದಲ್ಲಿ ಸಿಗುತ್ತಿದ್ದ ಭೂದಾನಕ್ಕೆ ಪಾರಸಿಯಲ್ಲಿ 'ಮದದ್-ಇ-ಮಾಶ್' ಎನ್ನುತ್ತಿದ್ದರು. ಮದದ್ ಎಂದರೆ ನೆರವು, ನಮ್ಮ ಹಳ್ಳಿಗಳ 'ಮದತ್ತು' ಇದೇ. ಮಾಶ್ ಎಂದರೆ ಜೀವನೋಪಾಯ. ಅಂದರೆ 'ಬದುಕಿಗೆ ಮದತ್ತು'. ಈ ನೆರವಿನ ಬಗ್ಗೆಯೂ ಆಗ ತಕರಾರಿತ್ತು. ಅನರ್ಹರು ತಿನ್ನುತ್ತಿದ್ದಾರೆಂದು ಅಕ್ಬರ್ ಪರಿಶೀಲನೆ ನಡೆಸಿ ಅನೇಕ ದಾನಗಳನ್ನು ಕಡಿತಗೊಳಿಸಿದ. 1690ರಲ್ಲಿ ಔರಂಗಜೇಬ ಅವನ್ನು ವಂಶಪಾರಂಪರ್ಯದ ಹಕ್ಕೆಂದು ಮಾಡಿದ. ನೆರವು ದೊರೆಯ ಕೃಪೆಯೋ ಪಡೆದವರ ಹಕ್ಕೋ ಎಂಬ ಪ್ರಶ್ನೆ ಹೊಸದಲ್ಲ.

ಎರಡನೆಯದು ಮಗ್ಗದ ಕಡೆಯದು: 'ಮುರ್ರೀ ಬಂದ್'. ಮುರ್ರೀ ಎಂದರೆ ಹುರಿ, ಎಳೆಗಳನ್ನು ಹೊಸೆದ ತಿರುಚು. ಹೊಸೆಯುವುದು ನಿಂತರೆ ನೇಯ್ಗೆಯೂ ನಿಂತಿತು. ಬನಾರಸದ ನೇಕಾರರು ಮುಷ್ಕರಕ್ಕೆ ಹೇಳುವ ಮಾತಿದು. ಅಗಹನ ಮಾಸದಲ್ಲಿ, ಅಂದರೆ ನಮ್ಮ ಮಾರ್ಗಶಿರದ ಹೊತ್ತಿನಲ್ಲಿ, ಒಂದು ಶುಕ್ರವಾರ ಅವರು ಮಗ್ಗ ನಿಲ್ಲಿಸಿ ಈದ್ಗಾದಲ್ಲಿ ಒಟ್ಟಾಗಿ ಪ್ರಾರ್ಥನೆ ಮಾಡುತ್ತಾರೆ. ಅದಕ್ಕೂ ಮುರ್ರೀ ಬಂದ್ ಎಂದೇ ಹೆಸರು. ದೇವರ ಮುಂದಾಗಲಿ ಸರ್ಕಾರದ ಮುಂದಾಗಲಿ, ಅಹವಾಲು ಹೇಳುವ ರೀತಿ ಒಂದೇ.

ಈ ಊರಿಗೆ ಆ ರೀತಿಯ ಹಳೆಯ ಅಭ್ಯಾಸವಿದೆ. 1810ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮನೆ ತೆರಿಗೆ ಹೇರಿದಾಗ ಬನಾರಸ ಅಂಗಡಿ ಮುಚ್ಚಿ ಬಯಲಿಗೆ ಬಂದು ಕುಳಿತಿತು. ಕಮ್ಮಾರರು, ನೇಕಾರರು, ಅಂಬಿಗರು ಕೆಲಸ ಬಿಟ್ಟರು. ಧರಣಿ ಕುಳಿತವರು ಇಪ್ಪತ್ತು ಸಾವಿರಕ್ಕೂ ಹೆಚ್ಚೆಂದು ಕಂಪನಿಯ ಅಧಿಕಾರಿಗಳೇ ಬರೆದರು. ಆ ಪತ್ರಗಳನ್ನು ಧರ್ಮಪಾಲರು 1971ರಲ್ಲಿ ಪುಸ್ತಕವಾಗಿ ಹೊರತಂದರು. ಕಂಪನಿ ಮೊದಲು ತೀರಾ ಬಡವರ ಮನೆಗಳಿಗೆ ವಿನಾಯಿತಿ ಕೊಟ್ಟಿತು, 1812ರಲ್ಲಿ ತೆರಿಗೆಯನ್ನೇ ಕೈಬಿಟ್ಟಿತು.

ಎರಡು ಶತಮಾನ ದಾಟಿ ಬರೋಣ. ಮುಲಾಯಂ ಸಿಂಗ್ ಯಾದವ್ ಮುಖ್ಯಮಂತ್ರಿಯಾಗಿದ್ದ 2006ರಲ್ಲಿ ಉತ್ತರ ಪ್ರದೇಶ ಸರ್ಕಾರ ವಿದ್ಯುತ್ ಮಗ್ಗಗಳಿಗೆ ಫ್ಲ್ಯಾಟ್ ರೇಟ್ ತಂದಿತು. ನಗರದಲ್ಲಿ ಅರ್ಧ ಅಶ್ವಶಕ್ತಿಯ ಮಗ್ಗಕ್ಕೆ ತಿಂಗಳಿಗೆ 65 ರೂಪಾಯಿ, ಒಂದು ಅಶ್ವಶಕ್ತಿಗೆ 130. ಎಷ್ಟು ಓಡಿಸಿದರೂ ಅಷ್ಟೇ. 2019ರ ಡಿಸೆಂಬರಿನಲ್ಲಿ ಯೋಗಿ ಆದಿತ್ಯನಾಥ್ ಸರ್ಕಾರ ಇದನ್ನು ಬದಲಿಸಿತು. ಇನ್ನು ಮೀಟರ್ ಓಡಿದಷ್ಟು ಬಿಲ್. ಚಿಕ್ಕ ಮಗ್ಗಕ್ಕೆ ತಿಂಗಳಿಗೆ 120 ಯೂನಿಟ್‌ವರೆಗೆ, ದೊಡ್ಡದಕ್ಕೆ 240 ಯೂನಿಟ್‌ವರೆಗೆ, ಯೂನಿಟ್ಟಿಗೆ 3.50 ರೂಪಾಯಿ ಸಹಾಯಧನ.

ಸರ್ಕಾರದ ವಾದ ಪೊಳ್ಳೇನಲ್ಲ. ಮೀಟರ್ ಲೆಕ್ಕವಿಲ್ಲದಿದ್ದರೆ ಎಷ್ಟು ವಿದ್ಯುತ್ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ಮಗ್ಗದ ಹೆಸರಿನಲ್ಲಿ ಬೇರೆ ಬಳಕೆಯೂ ನಡೆಯಬಹುದು, ವಿದ್ಯುತ್ ನಿಗಮಕ್ಕೆ ಬಾಕಿ ಬೆಳೆಯುತ್ತದೆ. ಆದರೆ ಲೆಕ್ಕದ ಇನ್ನೊಂದು ಬದಿ ನೋಡಿ. ಮೊದಲು ನೇಕಾರ ಕಟ್ಟುವ ಹಣ ನಿಗದಿಯಾಗಿತ್ತು, ಏರಿಳಿತದ ಹೊರೆ ಸರ್ಕಾರದ್ದಾಗಿತ್ತು. ಈಗ ಸರ್ಕಾರ ಕೊಡುವ ಹಣ ಚಿಕ್ಕ ಮಗ್ಗಕ್ಕೆ 420 ರೂಪಾಯಿಗೆ ನಿಗದಿಯಾಯಿತು, ಏರಿಳಿತದ ಹೊರೆ ನೇಕಾರನ ಮೇಲೆ ಬಿತ್ತು.

ಆತ ಆ ಹೊರೆಯನ್ನು ಯಾರ ಮೇಲೆ ಹಾಕಬೇಕು? ಬನಾರಸದಲ್ಲಿ ಮಜೂರಿ ಸೀರೆಗಿಷ್ಟು ಎಂದು. ದರ ಹೇಳುವವರು ಗದ್ದಿಯ ಮೇಲೆ ಕುಳಿತ ವ್ಯಾಪಾರಿಗಳು. 'ಬಿಲ್ ಹೆಚ್ಚಾಗಿದೆ, ಮಜೂರಿ ಹೆಚ್ಚಿಸಿ' ಎಂದರೆ ಸೂರತ್ತಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂಬ ಉತ್ತರ ಸಿದ್ಧವಿರುತ್ತದೆ ಎಂದು ಮದನಪುರದ ಹಿರಿಯ ನೇಕಾರರೊಬ್ಬರು ನನಗೆ ಹೇಳಿದರು. ಮನೆಯ ಹೆಂಗಸರು ನೂಲು ಸುತ್ತುತ್ತಾರೆ, ಮಕ್ಕಳು ಕೈಜೋಡಿಸುತ್ತಾರೆ, ಅದಕ್ಕೆ ಬೇರೆ ಕೂಲಿಯಿಲ್ಲ. ಹಾಗಾಗಿ ಆ ಅಗ್ಗದ ವಿದ್ಯುತ್ತು, ಕೊಳ್ಳುವವರು ಕೊಡದೆ ಉಳಿಸಿದ ಮಜೂರಿಯ ಒಂದು ಪಾಲನ್ನು ಸರ್ಕಾರ ತುಂಬಿಕೊಡುತ್ತಿದ್ದ ಬಗೆ. ಅದರ ಲಾಭ ಮಗ್ಗದ ಮನೆಯಲ್ಲೇ ನಿಂತಿರಲಿಲ್ಲ. ಗದ್ದಿ ದಾಟಿ, ಅಂಗಡಿ ದಾಟಿ, ನಮ್ಮ ಮದುವೆ ಮನೆಗಳ ಸೀರೆಯ ಬೆಲೆಯಲ್ಲಿ ಬಂದು ಸೇರುತ್ತಿತ್ತು.

ಬದಲಾವಣೆ ಜಾರಿಗೆ ಬಂದ ಕೆಲವೇ ತಿಂಗಳಲ್ಲಿ ಲಾಕ್‌ಡೌನ್ ಬಂತು. 2020ರ ಸೆಪ್ಟೆಂಬರಿನಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಮುರ್ರೀ ಬಂದ್ ಆಯಿತು. ವಿರೋಧ ಪಕ್ಷದ ಪ್ರಿಯಾಂಕಾ ಗಾಂಧಿ ಮುಖ್ಯಮಂತ್ರಿಗೆ ಪತ್ರ ಬರೆದರು. ಮಾತುಕತೆ, ಭರವಸೆ, ಮತ್ತೆ ಮಾತುಕತೆ. 2023ರಲ್ಲಿ ಫ್ಲ್ಯಾಟ್ ರೇಟ್ ಮರಳಿತು, ಆದರೆ ಹಳೆಯ ದರದ ಹಲವು ಪಟ್ಟು.

ಇದರ ನಡುವೆ, 2022ರ ಜುಲೈಯಲ್ಲಿ, ಇದೇ ವಾರಾಣಸಿಯ ಸಂಸದರೂ ಆದ ಪ್ರಧಾನಿ ನರೇಂದ್ರ ಮೋದಿ ಬುಂದೇಲಖಂಡ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಲ್ಲಿ 'ರೇವಡಿ ಸಂಸ್ಕೃತಿ'ಯ ವಿರುದ್ಧ ಎಚ್ಚರಿಸಿದರು. ರೇವಡಿ ಎಳ್ಳು ಬೆಲ್ಲದ ಸಿಹಿ, ಜಾತ್ರೆಯಲ್ಲಿ ಹಂಚುವಂಥದ್ದು. ಮರುವರ್ಷ ಕರ್ನಾಟಕದಲ್ಲಿ ಗ್ಯಾರಂಟಿ ಯೋಜನೆಗಳು ಬಂದವು, ಹತ್ತು ಅಶ್ವಶಕ್ತಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಎಂಬ ಘೋಷಣೆಯೂ ಬಂತು. ಆಗ ನಾವು ರೇವಡಿ ಎನ್ನಲಿಲ್ಲ. ನಮಗೆ ನಮ್ಮದೇ ಪದವಿತ್ತು: 'ಬಿಟ್ಟಿ ಭಾಗ್ಯ'.

ಇದು ಮೂರನೆಯ ಪದ. ಬಿಟ್ಟಿ ಎಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ವಿಷ್ಟಿ ಅರ್ಥಶಾಸ್ತ್ರದಲ್ಲಿದೆ, ಬಿಟ್ಟಿ ನಮ್ಮ ಶಾಸನಗಳ ತೆರಿಗೆಗಳ ಸಾಲಿನಲ್ಲಿದೆ. ಅದರ ಅರ್ಥ, ಕೂಲಿ ಕೊಡದೆ ದೊರೆಯೋ ಊರ ಒಡೆಯನೋ ಮಾಡಿಸಿಕೊಳ್ಳುವ ದುಡಿಮೆ. 'ಬಿಟ್ಟಿ ಚಾಕರಿ' ಎಂಬ ಮಾತಿನಲ್ಲಿ ಆ ಅರ್ಥ ಇಂದಿಗೂ ಜೀವಂತ. ಮೇಲಿನವರು ಕೆಳಗಿನವರಿಂದ ಪುಕ್ಕಟೆ ಪಡೆದದ್ದಕ್ಕಿದ್ದ ಹೆಸರು, ಕೆಳಗಿನವರಿಗೆ ಪುಕ್ಕಟೆ ಸಿಕ್ಕಿದ್ದಕ್ಕೆ ಅಂಟಿಕೊಂಡಿತು. ಪದಗಳ ಅರ್ಥ ಹೊರಳುವುದು ಸಹಜ. ಆದರೆ ಇಷ್ಟು ಅನುಕೂಲಕರವಾಗಿ ಹೊರಳಿದ ಪದ ನನಗೆ ಬೇರೆ ನೆನಪಾಗುತ್ತಿಲ್ಲ.

ಖಜಾನೆಗೆ ಮಿತಿಯಿದೆ, ದುರುಪಯೋಗ ಇದ್ದರೆ ತಡೆಯಲೇಬೇಕು. ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಕಡಿತದ ಚರ್ಚೆಯಲ್ಲಿ ನಾವು ಅರ್ಧ ಲೆಕ್ಕ ಮಾತ್ರ ಓದುತ್ತೇವೆ: ಸರ್ಕಾರ ಎಷ್ಟು ಕೊಟ್ಟಿತು. ದುಡಿದವರಿಗೆ ನಾವೆಷ್ಟು ಕೊಡದೆ ಉಳಿಸಿಕೊಂಡೆವು ಎಂಬ ಕಾಲಂ ಯಾವ ಬಜೆಟ್ಟಿನಲ್ಲೂ ಇರುವುದಿಲ್ಲ.

ಹೊರಡುವ ಹಿಂದಿನ ದಿನ ಆ ಹಿರಿಯರು ತಮ್ಮ ವಿದ್ಯುತ್ ಬಿಲ್ ತೋರಿಸಿದರು. ಸಹಾಯಧನದ ಮೊತ್ತ ಬೇರೆ ಸಾಲಿನಲ್ಲಿ ಅಚ್ಚಾಗಿತ್ತು. ಅವರ ಮನೆಯವರು ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದರು. ಅದು ಯಾವ ಸಾಲಿನಲ್ಲೂ ಇರಲಿಲ್ಲ.