ಮಂಡಿಯೂರಿದವನ ಹೆಸರು

ಸ್ವಾತಿಗೂ ಅಭಿಜಿತ್ತಿಗೂ ನಡುವಣ ಆಕಾಶಭಾಗದಲ್ಲಿ, ಕಣ್ಸೆಳೆಯುವ ಒಂದು ತಾರೆಯೂ ಇಲ್ಲದೆ ಮಂಕಾಗಿ ಹಬ್ಬಿರುವ ನಕ್ಷತ್ರಪುಂಜವನ್ನು ಇಂದಿನ ಖಗೋಳಗ್ರಂಥಗಳೆಲ್ಲ ಹರ್ಕ್ಯುಲೀಸ್ ಎಂದು ಕರೆಯುತ್ತವೆ. ಹನ್ನೆರಡು ದುಸ್ಸಾಧ್ಯ ಕಾರ್ಯಗಳನ್ನು ಸಾಧಿಸಿದನೆಂದು ಗ್ರೀಕರು ಕೊಂಡಾಡಿದ ಆ ಮಹಾವೀರನಿಗೆ ಇಷ್ಟು ಕ್ಷೀಣವಾದ ಬೆಳಕಿನ ಪೀಠವೇ ದೊರೆತುದೇಕೆಂದು ಯಾರಿಗಾದರೂ ಅನಿಸಬಹುದು; ಆದರೆ ಆ ಪೀಠ ಮೊದಲಿಗೆ ಅವನದಾಗಿರಲಿಲ್ಲ.

ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಮ್ಯಾಸಿಡೋನಿಯದ ದೊರೆ ಆಂಟಿಗೊನಸ್ ಗೊನಾಟಸನ ಆಶ್ರಯದಲ್ಲಿದ್ದ ಅರಾಟಸನೆಂಬ ಕವಿ, ತನಗಿಂತ ಒಂದು ಶತಮಾನದಷ್ಟು ಹಿಂದಿನ ಯೂಡಾಕ್ಸಸನ ಗದ್ಯಗ್ರಂಥವನ್ನು ಆಧರಿಸಿ ‘ಫಿನಾಮಿನ’ ಎಂಬ ಕಾವ್ಯವನ್ನು ರಚಿಸಿದನು. ಆಕಾಶದ ಆಕೃತಿಗಳನ್ನು ಒಂದೊಂದಾಗಿ ಹೆಸರಿಸುತ್ತ ಬಂದ ಆತ ಇಲ್ಲಿ ಮಾತ್ರ ತಡೆಯುತ್ತಾನೆ. ದುಡಿದು ಬಳಲುತ್ತಿರುವ ಮನುಷ್ಯನಂತೆ ತೋರುವ ಇವನಾರೆಂಬುದನ್ನು ಬಲ್ಲವರಿಲ್ಲ, ಇವನ ದುಡಿಮೆ ಯಾವುದೆಂದೂ ತಿಳಿಯದು, ಆದುದರಿಂದ ಜನ ಇವನನ್ನು ಎಂಗೊನಾಸಿನ್, ಎಂದರೆ ಮಂಡಿಯೂರಿದವನು, ಎಂದಷ್ಟೇ ಕರೆಯುತ್ತಾರೆಂಬುದು ಅವನ ಮಾತಿನ ತಾತ್ಪರ್ಯ. ಕವಿಯೊಬ್ಬನ ಬಾಯಿಂದ ಬಂದ ಈ ಒಪ್ಪಿಗೆ ಅಪೂರ್ವವಾದುದು. ಕಥೆಯೊಂದನ್ನು ಕಟ್ಟಲು ಅವನಿಗೇನು ಕಷ್ಟವಿದ್ದಿತು?

ಅವನು ಕೊಡುವ ಚಿತ್ರದಲ್ಲಿ ಆ ಪುರುಷ ತೋಳುಗಳೆರಡನ್ನೂ ಚಾಚಿ, ಮಂಡಿಯೂರಿ, ಬಲಪಾದದ ತುದಿಯನ್ನು ಘಟಸರ್ಪವೆಂಬ ನೆರೆಯ ಪುಂಜದ ಶಿರಸ್ಸಿನ ಮೇಲಿಟ್ಟಿದ್ದಾನೆ. ಮುಂದಿನ ಶತಮಾನದಲ್ಲಿ ಈ ಕಾವ್ಯಕ್ಕೆ ವ್ಯಾಖ್ಯಾನ ಬರೆದ ಹಿಪ್ಪಾರ್ಕಸನು, ಅದು ಬಲಪಾದವಲ್ಲ, ಎಡಪಾದ ಎಂದು ತಿದ್ದಿದ್ದಲ್ಲದೆ, ಯೂಡಾಕ್ಸಸನ ತಪ್ಪೇ ಕಾವ್ಯಕ್ಕೂ ಇಳಿದಿರುವುದನ್ನು ತೋರಿಸಿ, ಕವಿ ಆಕಾಶಕ್ಕಿಂತ ಪುಸ್ತಕವನ್ನೇ ಹೆಚ್ಚು ನೋಡಿದ್ದನೆಂದು ರುಜುವಾತುಪಡಿಸಿದನು.

ಹೆಸರಿಲ್ಲದವನನ್ನು ಹಾಗೆಯೇ ಬಿಡಲು ಪುರಾಣಪ್ರಿಯರಿಗೆ ಮನಸ್ಸಾಗಲಿಲ್ಲ. ಎರಟೋಸ್ಥನೀಸನ ಹೆಸರಿನಲ್ಲಿ ಉಳಿದುಬಂದಿರುವ ನಕ್ಷತ್ರಕಥಾಸಂಗ್ರಹವು ಇವನನ್ನು ಹೆಸ್ಪೆರಿಡೀಸರ ಚಿನ್ನದ ಸೇಬುಗಳನ್ನು ಕಾಯುತ್ತಿದ್ದ ಸರ್ಪವನ್ನು ತುಳಿದ ಹೆರಾಕ್ಲೀಸನೆಂದು, ಅಂದರೆ ಹರ್ಕ್ಯುಲೀಸನೆಂದು, ನಿರ್ಣಯಿಸಿತು. ಕಾಲ ಕೆಳಗಿನ ಹಾವಿಗೆ ಇದರಿಂದ ಅರ್ಥ ಬಂದಿತಾದರೂ, ಗೆದ್ದವನು ಮಂಡಿಯೂರುವುದೇಕೆ ಎಂಬುದು ಉಳಿಯಿತು. ಅದಕ್ಕೆ ಈಸ್ಕಿಲಸನ ಲುಪ್ತನಾಟಕವೊಂದರಲ್ಲಿ ಸಮಾಧಾನ ಸಿಕ್ಕಿತು: ಲಿಗೂರಿಯರೊಡನೆ ಕಾದಾಡುತ್ತ ಬಾಣಗಳೆಲ್ಲ ತೀರಿ, ಎಸೆಯಲು ಒಂದು ಕಲ್ಲೂ ಸಿಗದ ಮೆತ್ತನೆಯ ನೆಲದಲ್ಲಿ ಹೆರಾಕ್ಲೀಸ್ ಕುಸಿದು ಮಂಡಿಯೂರಿದಾಗ, ತಂದೆಯಾದ ಜ್ಯೂಸ್ ಕರುಣೆಯಿಂದ ಕಲ್ಲುಮಳೆ ಸುರಿಸಿದನಂತೆ. ದಕ್ಷಿಣ ಫ್ರಾನ್ಸಿನಲ್ಲಿ ರೋನ್ ನದೀಮುಖದ ಬಳಿ ಉರುಟುಗಲ್ಲುಗಳಿಂದ ಕಿಕ್ಕಿರಿದ ಕ್ರೋ ಬಯಲನ್ನು ಪ್ರಾಚೀನರು ಈ ಕಥೆಗೆ ಸಾಕ್ಷಿಯಾಗಿ ತೋರಿಸುತ್ತಿದ್ದರು. ಆದರೆ ಈ ಕಥೆಯಲ್ಲಿ ಹಾವಿಲ್ಲ! ಲ್ಯಾಟಿನ್ ಲೇಖಕ ಹಿಜೈನಸನಂತೂ ಬೇರೆ ಅಭ್ಯರ್ಥಿಗಳ ಸಾಲನ್ನೇ ಮುಂದಿಡುತ್ತಾನೆ: ಬಂಡೆಯೆತ್ತುವ ಥೀಸ್ಯೂಸ್, ಕಣ್ಣು ಕಳೆದುಕೊಂಡ ಗಾಯಕ ಥಾಮಿರಿಸ್, ಆರ್ಫ್ಯೂಸ್, ಇಕ್ಸಿಯಾನ್, ಕಾಕಸಸ್ ಪರ್ವತದಲ್ಲಿ ಬಂಧಿತನಾದ ಪ್ರೊಮೀಥ್ಯೂಸ್. ಇವರಲ್ಲಿ ಹೆಚ್ಚಿನವರು ದಂಡಿತರು, ನೊಂದವರು. ಆ ಭಂಗಿಗೆ ವೀರನಿಗಿಂತ ಇವರೇ ಹೆಚ್ಚು ಒಪ್ಪುವರೆಂದು ನನ್ನ ಎಣಿಕೆ.

ಕ್ರಿಸ್ತಶಕ ೨ನೆಯ ಶತಮಾನದ ಟಾಲೆಮಿ ಈ ವಿವಾದಕ್ಕೆ ತಲೆಹಾಕದೆ, ತನ್ನ ನಕ್ಷತ್ರಪಟ್ಟಿಯಲ್ಲಿ ಮಂಡಿಯೂರಿದವನೆಂಬ ಹಳೆಯ ಹೆಸರನ್ನೇ ಉಳಿಸಿದನು. ಅರಬ್ ಜ್ಯೋತಿರ್ವಿದರು ಅದನ್ನೇ ಭಾಷಾಂತರಿಸಿಕೊಂಡರು. ಯುರೋಪಿನ ಚಿತ್ರಕಾರರು ಮಾತ್ರ ಗದೆಯನ್ನೂ ಸಿಂಹಚರ್ಮವನ್ನೂ ಕೊಟ್ಟು ವೀರನನ್ನು ಗಟ್ಟಿಮಾಡಿದರು. ೧೬೯೦ರಲ್ಲಿ ಪ್ರಕಟವಾದ ಹೆವೆಲಿಯಸನ ನಕ್ಷೆಗಳಲ್ಲಿ ಅವನ ಕೈಗೆ ಸರ್ಬರಸ್ ಎಂಬ ಪ್ರಾಣಿಯೂ ಬಂದು ಸೇರಿತು. ೧೯೨೨ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಅಂಗೀಕರಿಸಿದ ೮೮ ಪುಂಜಗಳಲ್ಲಿ ಹರ್ಕ್ಯುಲೀಸನದೂ ಒಂದು. ಆದರೂ ಆ ಪುಂಜದ ಶಿರಸ್ಸಿನಲ್ಲಿರುವ ಕೆಂಬಣ್ಣದ ತಾರೆಗೆ ಅದೇ ಒಕ್ಕೂಟ ೨೦೧೬ರಲ್ಲಿ ಅಧಿಕೃತಗೊಳಿಸಿದ ಹೆಸರು ರಾಸಲ್‌ಗೆತಿ. ಮಂಡಿಯೂರಿದವನ ತಲೆ ಎಂಬ ಅರಬ್ಬೀ ನುಡಿಯ ರೂಪಾಂತರವದು.