ಅಕ್ಷರವಿಲ್ಲದ ಕಲ್ಲುಗಳಿಗೆ ಡಿಜಿಟಲ್ ದಾಖಲೆ

ವಿಜಯಪುರ ಜಿಲ್ಲೆ ಎಂದೊಡನೆ ಗೋಳಗುಮ್ಮಟವೂ ಬಸವಣ್ಣನವರ ಬಾಗೇವಾಡಿಯೂ ನೆನಪಾಗುವುದು ಸಹಜ. ಆದರೆ ಭೀಮಾ-ಕೃಷ್ಣಾ ನದಿಗಳ ನಡುವಿನ ಈ ಸೀಮೆಯ ಮಾನವ ಚರಿತ್ರೆ ಶಾಸನಗಳಿಗಿಂತಲೂ ಬಹು ಪ್ರಾಚೀನವಾದುದು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪರಿಸರದ ಆದಿಕಾಲವನ್ನು ಅರಿಯಲು ಬರಹದ ನೆರವಿಲ್ಲ, ಕಲ್ಲುಗಳೇ ಆಧಾರ.

ಹಿಂದಿನ ಶೋಧಗಳು

ಸಿಂದಗಿಗೆ ನೆರೆಯ ಜೇವರ್ಗಿಯ ಶಿಲಾವೃತ್ತಗಳನ್ನೂ ಮುದ್ದೇಬಿಹಾಳಕ್ಕೆ ಸಮೀಪದ ರಾಜನಕೋಳೂರಿನ ಕಲ್ಮನೆಗಳನ್ನೂ 19ನೆಯ ಶತಮಾನದ ಮಧ್ಯಭಾಗದಲ್ಲಿ ಮೆಡೋಸ್ ಟೇಲರ್ ಪರಿಶೀಲಿಸಿ ವಿವರಿಸಿದನು. ಜನರು ಇಂತಹ ಕಲ್ಮನೆಗಳನ್ನು ‘ಮೋರ್ಯರ ಮನೆ’ ಎಂದು ಕರೆಯುತ್ತಾರೆ. ಇವು ಬಹುತೇಕ ಕಬ್ಬಿಣ ಯುಗದ ಸಮಾಧಿಗಳು. ಉತ್ತರ ಕರ್ನಾಟಕದ ಶಿಲಾಸಮಾಧಿಗಳನ್ನು ಸುತ್ತಾಡಿ ಅಭ್ಯಸಿಸಿದ ಡಾ. ಅ. ಸುಂದರ ಅವರ ಗ್ರಂಥ 1975ರಲ್ಲಿ ಪ್ರಕಟವಾಯಿತು. ಸುಮಾರು 400 ಶಿಲಾಸಮಾಧಿಗಳಿರುವ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ದಾಖಲೀಕರಣದ ಕ್ರಮ

ಶಾಸನವನ್ನು ಬೇರೆಡೆಗೆ ಸಾಗಿಸಿದರೂ ಅದರ ಪಾಠ ಉಳಿಯುತ್ತದೆ. ಶಿಲಾವೃತ್ತದ ಒಂದು ಗುಂಡು ಸರಿದರೆ ಅರ್ಥವೇ ಕೆಡುತ್ತದೆ, ಏಕೆಂದರೆ ಇಲ್ಲಿ ಕಲ್ಲುಗಳ ಸ್ಥಾನ, ಅಂತರ ಮತ್ತು ದಿಕ್ಕುಗಳೇ ಬರಹ. ಶಹಾಪುರ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳು ಇದಕ್ಕೆ ನಿದರ್ಶನ. ಸಾಮಾನ್ಯ ಜಿಪಿಎಸ್ ಉಪಕರಣದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಬರುವುದರಿಂದ ಅದು ನೆಲೆಯನ್ನು ಗುರುತಿಸಲಷ್ಟೇ ಸಾಕು. ಕಲ್ಲುಗಳ ಅಂತರವನ್ನು ಅಳೆಯಲು ಟೋಟಲ್ ಸ್ಟೇಷನ್ ಬೇಕು. ಅಳತೆಗೋಲನ್ನಿಟ್ಟು, ಒಂದರ ಭಾಗ ಮತ್ತೊಂದರಲ್ಲಿ ಬರುವಂತೆ ಸುತ್ತಲಿಂದ ಛಾಯಾಚಿತ್ರ ತೆಗೆದರೆ ಗಣಕಯಂತ್ರವು ಅವುಗಳಿಂದ ಮೂರು ಆಯಾಮದ ಮಾದರಿಯನ್ನು ರಚಿಸುತ್ತದೆ. ಗ್ರಾಮದ ಹೆಸರು, ಸರ್ವೆ ನಂಬರು, ಸ್ಥಳೀಯ ಹೆಸರು ಮತ್ತು ಐತಿಹ್ಯಗಳೂ ದಾಖಲೆಯಲ್ಲಿರಬೇಕು. ಮೂಲ ಚಿತ್ರಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಕಾಯ್ದಿರಿಸುವುದು ಅವಶ್ಯ.

ಏಕೆ ಈ ಅವಸರ?

1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಘೋಷಿತವಾಗದ ನೆಲೆಗಳಿಗೆ ಈ ರಕ್ಷಣೆ ಇಲ್ಲ. ಹೊಲ ಸಮಗೊಳಿಸುವ ಯಂತ್ರ, ಕಲ್ಲುಗಣಿ, ನಿಧಿಯ ಆಸೆಯ ಅಗೆತ ಇವೆಲ್ಲಕ್ಕೂ ಅವು ತುತ್ತಾಗಬಹುದು. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಸಮ್ಮತಿಸಿದೆ. ಮಟ್ಟ ಏರಿದರೆ ನದಿತೀರದ ಇನ್ನಷ್ಟು ಭೂಮಿ ಹಿನ್ನೀರಿಗೆ ಸೇರಲಿದೆ. ಮುಳುಗಿದ ಮೇಲೆ ಅಳತೆ ಅಸಾಧ್ಯ.

ನೆಲೆಯ ನಿಖರ ಅಕ್ಷಾಂಶ-ರೇಖಾಂಶಗಳನ್ನು ಎಲ್ಲರಿಗೂ ತೆರೆದಿಟ್ಟರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಅವು ಇಲಾಖೆ ಮತ್ತು ಸಂಶೋಧಕರಲ್ಲಿರುವುದೇ ಲೇಸು. ದಾಖಲೆಯೊಂದೇ ಕಲ್ಲನ್ನು ಕಾಯದು. ಆದರೆ ಇಂತಹದೊಂದು ಇಲ್ಲಿದೆಯೆಂದು ಸರ್ಕಾರಕ್ಕೆ ತೋರಿಸಿ ರಕ್ಷಣೆ ಕೇಳಲು ಮೊದಲು ಬೇಕಾದುದು ಅದೇ. ಹೊಲದಲ್ಲಿ ಇಂತಹ ಕಲ್ಲುಗಳನ್ನು ಕಂಡ ರೈತರು ಅವುಗಳನ್ನು ಕದಲಿಸದೆ ಪುರಾತತ್ವ ಇಲಾಖೆಗೆ ತಿಳಿಸಿದರೆ ಅರ್ಧ ಕೆಲಸ ಆದಂತೆ.